ಹೊಟ್ಟಿನ ಓಣಿ

ರಂಗಂಪೇಟೆ,
ಸೆಪ್ಟೆಂಬರ್ ೧೫, ಭಾನುವಾರ

ಅವ್ವಾ,

‘ನಾನು ಇಲ್ಲಿ ಕ್ಷೇಮ, ನೀವೂ ಅಲ್ಲಿ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ’ ಎಂದು ಪತ್ರ ಶುರು ಮಾಡಬೇಕೆಂದು ಶಾಲೆಯಲ್ಲಿ ಏಳನೆಯ ತರಗತಿಯ ಮಕ್ಕಳಿಗೆ ನಾನೇ ಬರೆಸುತ್ತೇನೆ. ಇವತ್ತು ಆ ಸಾಲನ್ನು ಅರ್ಧ ಬರೆದು ಹೊಡೆದು ಹಾಕಿದೆ. ನಾನು ಕ್ಷೇಮವೇ. ನೀವು ಕ್ಷೇಮವೆಂದು ಮಾತ್ರ ನಂಬಲು ಆಗುತ್ತಿಲ್ಲ.

ಫೋನಿನಲ್ಲೇ ಹೇಳಬಹುದಿತ್ತಲ್ಲ ಎನ್ನುತ್ತೀ. ಫೋನು ಅಪ್ಪನ ಅಂಗಿಯ ಜೇಬಿನಲ್ಲಿರುತ್ತದೆ. ಕರೆ ಬಂದರೆ ಸ್ಪೀಕರ್ ಹಾಕಿ ಕಟ್ಟೆಯ ಮೇಲೆ ಇಡುತ್ತಾನೆ, ಓಣಿಯೆಲ್ಲ ಕೇಳುತ್ತದೆ. ಶುಕ್ರವಾರ ನೀನು ಮಾತಾಡುವಾಗ ಹಿಂದಿನಿಂದ ಓಣಿಯ ಹಿರಿಯ ಭಗವಂತರಾಯ ದೊಡ್ಡಪ್ಪ ಕೆಮ್ಮಿದ್ದು ನನಗೆ ಕೇಳಿಸಿತು. ಅಷ್ಟು ಮಂದಿಯ ಎದುರಿಗೆ ನನ್ನ ಬಾಯಿ ಏಳುವುದಿಲ್ಲ, ಅದು ನಿನಗೆ ಗೊತ್ತು. ಬರೆಯುವಾಗ ಮಾತ್ರ ನನಗೆ ಧೈರ್ಯ ಬರುತ್ತದೆ. ಎಂ.ಎ. ಕನ್ನಡ ಓದಿಸಿ ಏನು ಸಿಕ್ಕಿತು ಎಂದು ಕೇಳುತ್ತಿದ್ದೆಯಲ್ಲ, ಇದೊಂದು ಸಿಕ್ಕಿದೆ.

ಶುಕ್ರವಾರ ನೀನು ಹೇಳಿದ್ದು ಇಷ್ಟು. “ಗ್ವಾಡಿಗಿ ಮಣ್ಣು ಬಳದೀನಿ, ನೆಲ ಸಾರಿಸೀನಿ. ಬಾಣಂತಿ ಕ್ವಾಣಿ ಹಸನ ಆಗ್ಯಾದ. ಅಮಾಸಿ ಮುಗದ ಮ್ಯಾಲ ಗೋಗಿಗಿ ಹೋಗಿ ನಿಮ್ಮಕ್ಕನ್ನ ಕರಕೊಂಡ ಬಾ. ಚೊಚ್ಚಲದ್ದು ತವರಾಗ ಆಗ್ಬೇಕು, ಮಂದಿ ಏನಂದಾರು.” ನಾನು ‘ಹ್ಞೂಂ’ ಎಂದೆ. ಆ ಹ್ಞೂಂ ಅನ್ನು ಈ ಕಾಗದದಿಂದ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ. ಕಲ್ಯಾಣಮ್ಮಕ್ಕನನ್ನು ಆ ಹೊಳೆದಂಡೆಯ ಮನೆಗೆ ನಾನು ಕರೆದುಕೊಂಡು ಬರುವುದಿಲ್ಲ. ಅವಳಿಗೆ ಒಂಬತ್ತರಲ್ಲಿ ಬಿದ್ದಿದೆ. ದಸರೆಯ ಹೊತ್ತಿಗೆ ಹೆರಿಗೆ. ಹತ್ತು ವರ್ಷದ ಹಿಂದಿನ ನೆರೆ ದಸರೆಯಲ್ಲೇ ಬಂದದ್ದು ಎನ್ನುವುದನ್ನು ಊರಿನಲ್ಲಿ ಯಾರೂ ನೆನಪು ಮಾಡಿಕೊಳ್ಳುತ್ತಿಲ್ಲ. ಮೊನ್ನೆ ಮೊನ್ನೆ ಪಂಚಮಿಯಲ್ಲಿ ಬಂದದ್ದೇ ಆಗಲೇ ಹಳೆಯದಾಗಿದೆ.

ಸಾವಿಗೆ ಮಾತಾಡಿಸಲು ಬಂದವರ ಮುಂದೆ ನೀನು ಆಯಿಯ ಬಗ್ಗೆ ಏನು ಹೇಳುತ್ತೀ ಎಂದು ನನಗೆ ಗೊತ್ತು. “ಮುದುಕಿಗಿ ವಯಸ್ಸಾಗಿತ್ತು, ನೆರಿ ಒಂದು ನೆವ ಆತು.” ಅಪ್ಪನೂ ಅದನ್ನೇ ಹೇಳುತ್ತಾನೆ, ಹೆತ್ತ ತಾಯಿಯ ಬಗ್ಗೆ. ಅಕ್ಕನಿಗೆ, ಬಸುರಿ ಎನ್ನುವ ಕಾರಣಕ್ಕೆ, ಆಯಿ ನಿದ್ದೆಯಲ್ಲಿ ಹೋದಳೆಂದು ಹೇಳಿದ್ದೀರಿ. ಇನ್ನೊಂದು ವರ್ಷಕ್ಕೆ ನೀವೇ ಅದನ್ನು ನಂಬುತ್ತೀರಿ. ಅದಕ್ಕೇ ನಾನು ಕಂಡದ್ದನ್ನು ಕಂಡ ಹಾಗೆ ಬರೆಯುತ್ತೇನೆ. ಓದುವಾಗ ಒಬ್ಬಳೇ ಇರು.

ಪಂಚಮಿಯ ಮರುದಿನ ಬೆಳಿಗ್ಗೆ ನಾನೂ ನೀನೂ ಶೇಂಗಾ ಉಂಡಿ ಕಟ್ಟುತ್ತ ಕೂತಿದ್ದೆವು. ಡಂಗುರ ಸಾರುವ ಅಂಬ್ರಪ್ಪ ಹಲಗೆ ಬಡಿಯುತ್ತ ಬಂದ. “ಕೇಳ್ರಪೋ ಕೇಳ್ರಿ. ಡ್ಯಾಮಿನಿಂದ ನೀರು ಬಿಡ್ತಾರಂತ, ಎಲ್ಲಾರು ಹುಷಾರ್ ಇರ್ಬೇಕಂತ.” ಈ ವರ್ಷ ನಮ್ಮ ಕಡೆ ಮಳೆ ಮುಖ ತೋರಿಸಿರಲಿಲ್ಲ. ಆಕಾಶದಲ್ಲಿ ಅಂಗೈಯಗಲ ಮೋಡವಿರಲಿಲ್ಲ. ಭತ್ತದ ಸಸಿ ಮಡಿಯಲ್ಲೇ ಹಳದಿಯಾಗುತ್ತಿತ್ತು. ನಮ್ಮೂರಿನಲ್ಲಿ ‘ನೀರು ಬಿಟ್ಟಾರ’ ಎಂದರೆ ಒಂದೇ ಅರ್ಥ. ಕಾಲುವೆ ಬಂದಾಗಿನಿಂದ ಆ ಎರಡು ಶಬ್ದಕ್ಕಾಗಿ ಜನ ರಸ್ತೆ ತಡೆದಿದ್ದಾರೆ, ಕಚೇರಿಯ ಮುಂದೆ ಕೂತಿದ್ದಾರೆ. ಅಷ್ಟು ಸಿಹಿಯಾದ ಮಾತು ಅದು.

ಅಪ್ಪ ತಾಟಿನಿಂದ ಎದ್ದವನು ಕೈ ತೊಳೆದದ್ದನ್ನೂ ನಾನು ನೋಡಲಿಲ್ಲ. “ತೂಬಿಗಿ ಹೋಗಿ ಬರ್ತೀನಿ, ತಡಾ ಮಾಡಿದ್ರ ಮ್ಯಾಲಿನವ್ರು ಕಟ್ಟಿಕೋತಾರ” ಎಂದು ಸಲಿಕೆ ಹೆಗಲಿಗೆ ಹಾಕಿಕೊಂಡು ಹೊರಟ. ದೊಡ್ಡಪ್ಪನೊಬ್ಬನನ್ನು ಬಿಟ್ಟು ಓಣಿಯ ಗಂಡಸರೆಲ್ಲ ಹೊರಟರು. ಒಬ್ಬನು ಸೀಟಿ ಹೊಡೆಯುತ್ತ ಹೋದ. ಯಾವ ನೀರು ಎಂದು ಒಬ್ಬರೂ ಅಂಬ್ರಪ್ಪನನ್ನು ಕೇಳಲಿಲ್ಲ. ಅವನು ಊರಿನ ತುದಿಗೆ ಹೋಗಿ, ಹೊಳೆಯ ಕಡೆ ದನ ಬಿಡಬೇಡಿರಿ ಎಂದೂ ಕೂಗಿದ. ಅದನ್ನು ಪ್ರತಿ ಮಳೆಗಾಲದಲ್ಲೂ ಕೂಗಿಸುತ್ತಾರೆ. ಪ್ರತಿ ವರ್ಷ ಕೇಳಿದ್ದು ಕಿವಿಗೆ ಬೀಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ನಮ್ಮೂರಿನ ಗಂಡಸರು ಬತ್ತಿದ ಕಾಲುವೆಯ ದಂಡೆಯ ಮೇಲೆ ಬೀಡಿ ಸೇದುತ್ತ ನೀರಿಗಾಗಿ ಕಾಯುತ್ತಿದ್ದರು. ನೀರು ನಮ್ಮ ಹಿತ್ತಲಿಗೆ ಬಂದಿತ್ತು. ಹೊಳೆಯ ಕಡೆಯಿಂದಲ್ಲ, ಹಿಂದಿನ ಹಳ್ಳದ ಕಡೆಯಿಂದ, ಸದ್ದಿಲ್ಲದೆ, ಕೋಳಿಯ ಪುಕ್ಕ ಮತ್ತು ತೆಂಗಿನ ಚಿಪ್ಪು ತೇಲಿಸಿಕೊಂಡು. ನೀನು ಮೊದಲು ಬಚ್ಚಲು ಕಟ್ಟಿಕೊಂಡಿದೆ ಎಂದುಕೊಂಡೆ.

ಇಷ್ಟರವರೆಗಿನದು ಮರುಳುತನ. ಅದಕ್ಕೆ ನಾನು ನಕ್ಕುಬಿಡಬಲ್ಲೆ. ಖಾಸಿಂಬೀ, ಈ ನನ್ನ ಮನೆಯ ಮಾಲಕಿ, ಇದನ್ನು ಕೇಳಿ ಕಣ್ಣಲ್ಲಿ ನೀರು ಬರುವಂತೆ ನಕ್ಕಳು. ಮುಂದಿನದಕ್ಕೆ ಅವಳೂ ನಗಲಿಲ್ಲ.

ಹಳೆಯ ನೆರೆಯ ನಂತರ ಸರ್ಕಾರದವರು ಸುರಪುರ ರಸ್ತೆಯ ದಿಬ್ಬದ ಮೇಲೆ ನಮಗೆಲ್ಲ ಮನೆ ಕಟ್ಟಿಸಿ ಕೊಟ್ಟರು. ಕಲ್ಲಿನ ಫಲಕದಲ್ಲಿ ‘ನವಗ್ರಾಮ’ ಎಂದಿದೆ. ಊರು ಅದನ್ನು ಹೊಟ್ಟಿನ ಓಣಿ ಎನ್ನುತ್ತದೆ. ಯಾಕೆಂದರೆ ನಮ್ಮ ಓಣಿಯವರು ಯಾರೂ ಅಲ್ಲಿ ಹೋಗಿ ಇರಲಿಲ್ಲ. ತೊಗರಿ ರಾಶಿ ಆದ ಮೇಲೆ ಹೊಟ್ಟನ್ನು ಆ ಮನೆಗಳಲ್ಲಿ ತುಂಬಿದರು. ನಾವೂ ತುಂಬಿದೆವು, ಕಿಟಕಿಯ ಮೇಲಿನವರೆಗೆ. ನಿನ್ನನ್ನು ಕೇಳಿದಾಗಲೆಲ್ಲ ಒಂದೊಂದು ಕಾರಣ ಹೇಳುತ್ತಿದ್ದೆ. ತಗಡು ಕಾಯುತ್ತದೆ. ಬಾಗಿಲು ತೆಂಕಣಕ್ಕಿದೆ. ಹೊಳೆಯ ಗಾಳಿ ಇಲ್ಲ. ದೊಡ್ಡಪ್ಪ ಮೊದಲು ಹೋಗಲಿ. ಖರೆ ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಚೀಟಿ ಎತ್ತಿ ಮನೆ ಹಂಚಿದ್ದರು. ನಮ್ಮ ಚೀಟಿಗೆ ಬಂದ ಮನೆ ಅಂಬ್ರಪ್ಪನ ಮನೆಯ ಗೋಡೆಗೆ ಅಂಟಿಕೊಂಡಿತ್ತು. ದೊಡ್ಡಪ್ಪನ ಮನೆ ಅವನ ಎದುರಿಗಿತ್ತು. ನಡುವಿನ ಗೋಡೆ ಒಂದೇ ಇಟ್ಟಿಗೆಯದು, ಅವರು ಒಗ್ಗರಣೆ ಹಾಕಿದರೆ ನಮಗೆ ವಾಸನೆ ಬರುತ್ತದೆ. ಊರಿಗೆ ಹೊಳೆಗಿಂತ ಆ ವಾಸನೆಯ ಅಂಜಿಕೆ ದೊಡ್ಡದಾಯಿತು.

ಹೋಗಿ ಇದ್ದದ್ದು ಅಂಬ್ರಪ್ಪ, ಅವನ ಹೆಂಡತಿ ಶೇಖಮ್ಮ, ಮತ್ತು ಅವರ ಓಣಿಯ ನಾಲ್ಕೈದು ಮನೆಯವರು. ಅವರು ಹೋದ ಮೇಲಂತೂ ಉಳಿದವರು ಹೋಗುವ ಮಾತೇ ನಿಂತಿತು.

ಆ ಮಧ್ಯಾಹ್ನ ಆಯಿಯನ್ನು ಮಂಚದ ಸಮೇತ ಎತ್ತಬೇಕಾಯಿತು. ಗಂಡಸರು ತೂಬಿನಲ್ಲಿದ್ದರು. ಎರಡು ಕಾಲು ನಾವಿಬ್ಬರು ಹಿಡಿದೆವು. ಮೊಳಕಾಲುದ್ದ ನೀರಿನಲ್ಲಿ ಅಂಬ್ರಪ್ಪ ಎದುರಿಗೆ ಬಂದ, ಹಲಗೆ ಇನ್ನೂ ಹೆಗಲಲ್ಲಿತ್ತು. ಏನೂ ಕೇಳದೆ ತಲೆಯ ಕಡೆಯ ಎರಡೂ ಕಾಲು ಹಿಡಿದ. ಬೇರೆ ದಿನ ಅವನು ನಮ್ಮ ಅಂಗಳದ ಕಲ್ಲು ದಾಟಿದವನಲ್ಲ. ಆಯಿ ಮಲಗಿದಲ್ಲಿಂದಲೇ, “ಯಾರಪ್ಪ ನೀ?” ಎಂದಳು. “ನಾ ಅಂಬ್ರ್ಯಾರಿ ಆಯಿ.” “ನೀರು ಬಿಟ್ಟಾರಂತ ನೀನ ಅಲ್ಲೇನು ಹೇಳಿದ್ದು?” “ಹೌದ್ರಿ.” “ಮತ್ತ ಖರೇನ ಹೇಳಿದಿ ಬಿಡು” ಎಂದು ಆಯಿ ಕೆಮ್ಮುತ್ತ ನಕ್ಕಳು. ಅವಳಿಗೆ ಆಗಲೇ ದಮ್ಮು ಏರಿತ್ತು.

ದಿಬ್ಬಕ್ಕೆ ಹೋದರೆ ಭಗವಂತರಾಯ ದೊಡ್ಡಪ್ಪ ಟ್ರ್ಯಾಕ್ಟರಿನಲ್ಲಿ ಮೊದಲೇ ಬಂದಿದ್ದ. ಟ್ರಾಲಿಯಲ್ಲಿ ಅವನ ಟಿವಿ ಇತ್ತು, ಕಾಳಿನ ಚೀಲಗಳಿದ್ದವು. ನಮ್ಮ ಮನೆಯ ಬಾಗಿಲು ತೆಗೆದ ಕೂಡಲೇ ಹೊಟ್ಟು ನಮ್ಮ ಪಾದದ ಮೇಲೆ ಜಾರಿತು. ಅಂಬ್ರಪ್ಪ ಮಂಚ ಇಳಿಸಿ ಹೇಳಿದ, “ಯವ್ವಾ, ಬಾಜೂ ನಮ್ಮ ಮನಿ ಹಸನ ಅದ. ನಾವು ಹೊರಗ ಕುಂದುರ್ತೀವಿ, ಆಯಿನ್ನ ಅಲ್ಲಿ ಹಾಕ್ರಿ. ದಮ್ಮಿನ ಜೀವಕ್ಕ ಈ ಹೊಟ್ಟು ಆಗಂಗಿಲ್ರಿ.” ಶೇಖಮ್ಮ ಆಗಲೇ ಚಾಪೆ ಕೊಡವುತ್ತಿದ್ದಳು. ತೆರೆದ ಬಾಗಿಲಿನಿಂದ ಸಾರಿಸಿದ ನೆಲ ಕಾಣುತ್ತಿತ್ತು, ಗೋಡೆಯಲ್ಲಿ ಬುದ್ಧನ ಪಟ, ಮೂಲೆಯಲ್ಲಿ ಮುಚ್ಚಿಟ್ಟ ಕೊಡ.

ದೊಡ್ಡಪ್ಪ ಟ್ರಾಲಿಯ ಮೇಲಿನಿಂದಲೇ, “ಮಂಚ ಹಿಡದಿ, ಪುಣ್ಯಾ ಬಂತು. ಇನ್ನ ಸಾಕು ಹೋಗು” ಎಂದ. ಅವನು ಹಾಗೇ. ಅವನಿಂದ ನಾನು ಬೇರೆ ಏನನ್ನೂ ನಿರೀಕ್ಷಿಸಿರಲಿಲ್ಲ.

ನಾನು ನಿನ್ನ ಮುಖ ನೋಡಿದೆ ಅವ್ವಾ. ನೀನು ಅಂಬ್ರಪ್ಪನ ಬಾಗಿಲು ನೋಡಿದೆ, ಆಯಿಯನ್ನು ನೋಡಿದೆ, ದೊಡ್ಡಪ್ಪನನ್ನು ನೋಡಿದೆ. ಆಮೇಲೆ, “ಬ್ಯಾಡ ಬಿಡೋ, ನಮ್ಮದಽ ಮನಿ ಅದಲ್ಲ” ಎಂದೆ. ಹೊಟ್ಟನ್ನು ಹೊರಗೆ ಚೆಲ್ಲಲು ನಾನು ಬುಟ್ಟಿ ಎತ್ತಿದರೆ, “ಹೊರಗ ಹಾಕಿದ್ರ ಗಾಳಿಗಿ ಹೋಗ್ತದ, ಎಮ್ಮಿ ಏನ್ ತಿನ್ನಬೇಕು, ಒಂದ್ ಮಗ್ಗಲಿಗಿ ಸರಸು” ಎಂದೆ. ಸರಿಸಿದೆವು. ಮಂಚದಷ್ಟು ಜಾಗವಾಯಿತು. ಧೂಳು ಎದ್ದು ಎದುರಿನ ಗೋಡೆ ಕಾಣದ ಹಾಗಾಯಿತು. ಆಯಿ ಹೇಳಿದ್ದು ನಿನಗೂ ಕೇಳಿಸಿತು, ನಾನು ಅಲ್ಲೇ ಇದ್ದೆ. “ಎಲ್ಲ್ಯಾರ ಹಾಕ್ರೆವ್ವಾ, ಹೊಟ್ಟಿನಾಗ ಬ್ಯಾಡ.” ನೀನು, “ಒಂದ್ ದಿನ ತಡಕೋ ಅತ್ತಿ” ಎಂದೆ.

ಅವಳು ತಡೆದುಕೊಂಡದ್ದು ಒಂದು ದಿನವೇ.

ಮರುದಿನ ಮಧ್ಯಾಹ್ನ ನೀನು ಗಂಜಿ ತರಲು ರಸ್ತೆಗೆ ಹೋಗಿದ್ದೆ. ಅಪ್ಪ ಉಳಿದವರ ಜೊತೆ ಸೇತುವೆಯ ಕಡೆ ನೀರು ನೋಡಲು ಹೋಗಿದ್ದ. ಊರು ಮುಳುಗಿದ್ದರೂ ನೋಡಲು ಹೋಗುವ ಉಮೇದು ಮುಳುಗಿರಲಿಲ್ಲ, ಹುಡುಗರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆಯಿಯ ಎದೆ ತಿದಿಯ ಹಾಗೆ ಸದ್ದು ಮಾಡುತ್ತಿತ್ತು. ತುಟಿಯ ಮೇಲೆ, ಹುಬ್ಬಿನ ಮೇಲೆ ಹೊಟ್ಟಿನ ಪುಡಿ ಕೂತಿತ್ತು. ಒರೆಸಿದಷ್ಟೂ ಕೂರುತ್ತಿತ್ತು. ಅವಳು ನೀರು ಕೇಳಿದಳು. ನಾನು ತಂಬಿಗೆ ಹಿಡಿದು ಹೊರಗೆ ಬಂದರೆ ಶೇಖಮ್ಮ ತನ್ನ ಕೊಡದಿಂದ ಬಗ್ಗಿಸಿಕೊಟ್ಟಳು, ಮತ್ತೆ ನನ್ನ ಹಿಂದೆಯೇ ಒಳಗೆ ಬಂದು ಆಯಿಯ ತಲೆ ಎತ್ತಿ ಹಿಡಿದಳು. ಆಯಿ ಅವಳನ್ನು ಗುರುತಿಸಿದಳು. ಎರಡು ಗುಟುಕು ಕುಡಿದಳು. ಕೊನೆಯ ನೀರು ಸೊಸೆಯ ಕೈಯಿಂದ ಹೋಯಿತೆಂದು ಆಯಿಯ ದಿನ ಮಾಡಿದ ತಿಥಿಯ ಊಟದಲ್ಲಿ ಮಂದಿ ನಿನ್ನನ್ನು ಹೊಗಳಿದರಲ್ಲ, ನೀನು ತಲೆ ತಗ್ಗಿಸಿ ಕೂತಿದ್ದೆಯಲ್ಲ. ಆ ನೀರು ಯಾರ ಕೊಡದ್ದು ಎಂದು ನಿನಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

ನೀನೊಬ್ಬಳೇ ತಪ್ಪಿತಸ್ಥಳೆಂದು ನಾನು ಬರೆಯುತ್ತಿಲ್ಲ. ಹಾಗಾಗಿದ್ದರೆ ನನಗೆ ಸಿಟ್ಟು ಬರುತ್ತಿತ್ತು, ಅಷ್ಟೇ. ನನಗೆ ಬಂದದ್ದು ಹೇಸಿಗೆ. ಅನ್ನ ತಟ್ಟೆಯಲ್ಲಿರುವಾಗ ಬರುವಂಥದ್ದು. ನೀರು ಇಳಿದ ಮೇಲೆ ಊರು ಏನು ಮಾಡಿತು ನೋಡು. ಮೊದಲು ಹೊಳೆಗೆ ಹೋಗಿ ಉಡಿ ತುಂಬಿದರು. ಹಸಿರು ಸೀರೆ, ಕುಬುಸದ ಕಣ, ಕಾಯಿ, ಬಳೆ. ಸೀರೆಯನ್ನು ನೀರಿಗೆ ಬಿಡುವಾಗ ದೊಡ್ಡಪ್ಪ ಕೈಮುಗಿದು, “ತಾಯಿ ಸಿಟ್ಟು ಇಳೀತು” ಎಂದ. ಆಮೇಲೆ ಕಟ್ಟೆಗೆ ಬಂದು, ಬೀಡಿ ಹಚ್ಚಿ, “ಹತ್ತು ವರ್ಷಕ್ಕೊಮ್ಮಿ ಬರ್ತಾಳ. ಬಂದು ಹೋದ್ಲು. ಇನ್ನ ಹತ್ತು ವರ್ಷ ಅಂಜಿಕಿಲ್ಲ” ಎಂದ. ಕೂತವರೆಲ್ಲ ತಲೆಯಾಡಿಸಿದರು. ಹೊಳೆ ಇವರ ಜೊತೆ ಕೂತು ಮಾತು ಕೊಟ್ಟುಹೋದ ಹಾಗೆ. ಅಪ್ಪ ತಲೆಯಾಡಿಸಿದ್ದನ್ನೂ ನೋಡಿದೆ. ಆಯಿಯ ದಿನ ಇನ್ನೂ ಆಗಿರಲಿಲ್ಲ.

ಅಂಬ್ರಪ್ಪನನ್ನು ಕರೆಸಿ ಬೈದದ್ದು ನಿನಗೆ ನೆನಪಿರಬೇಕು. ಸರಿಯಾಗಿ ಹೇಳಲಿಲ್ಲ, ಹೊಳಿ ಅಂತ ಬಿಡಿಸಿ ಹೇಳಬೇಕಿತ್ತು, ಅದಕ್ಕೇ ಎಲ್ಲರೂ ತೂಬಿಗೆ ಹೋದದ್ದು ಎಂದು. ಅವನು ಕೈಕಟ್ಟಿ ನಿಂತು, “ನನಗ ಹೇಳಿದಷ್ಟು ನಾ ಹೇಳೀನ್ರಿ. ಯಾವ ನೀರು ಅಂತ ನೀವು ಕೇಳ್ಬೇಕಿತ್ರಿ” ಎಂದ. ಎಂದೂ ಎದುರು ಮಾತಾಡದವನು ಅಷ್ಟು ಮಾತಾಡಿದ್ದಕ್ಕೆ ಅವರಿಗೆ ಇನ್ನಷ್ಟು ಸಿಟ್ಟು ಬಂತು. ಊರಿಗೆ ಈಗ ಕಾರಣ ಸಿಕ್ಕಿದೆ. ಕಾರಣ ಸಿಕ್ಕಿದ ಮೇಲೆ ಮತ್ತೆ ಏನನ್ನೂ ಮಾಡಬೇಕಾಗಿಲ್ಲ.

ನಾನು ಊರು ಬಿಡುವ ದಿನ ದಿಬ್ಬದ ಮೇಲಿನಿಂದ ಬಸ್ಸು ಹಾದುಹೋಗುವಾಗ ಕಿಟಕಿಯಿಂದ ನೋಡಿದೆ. ನೆರೆಯಲ್ಲಿ ಹೊರಗೆ ಎಳೆದಿದ್ದ ಹೊಟ್ಟನ್ನು ಜನ ಬುಟ್ಟಿಯಲ್ಲಿ ತುಂಬಿ ಮತ್ತೆ ಅದೇ ಮನೆಗಳೊಳಗೆ ಹಾಕುತ್ತಿದ್ದರು. ಬಿಸಿಲು ಚೆನ್ನಾಗಿತ್ತು. ಹಾಡು ಹಚ್ಚಿಕೊಂಡಿದ್ದರು.

ರಂಗಂಪೇಟೆಯವರು ಜಾಣರೆಂದು ನಾನು ಹೇಳುವುದಿಲ್ಲ. “ನಿಮ್ಮೂರಾಗ ಹೊಟ್ಟಿಗಿ ಪಕ್ಕಾ ಮನಿ, ಮನಷ್ಯಾರಿಗಿ ಹೊಳಿ” ಎಂದು ಖಾಸಿಂಬೀ ಹಂಗಿಸುತ್ತಾಳೆ. ಅವಳ ಹಿತ್ತಲಿನ ಗೋಡೆ ಎರಡು ವರ್ಷದಿಂದ ಹೊಟ್ಟೆ ಬಂದು ನಿಂತಿದೆ, ಅದಕ್ಕೊಂದು ಬೊಂಬು ಆನಿಸಿದ್ದಾಳೆ. ಅದರ ಕೆಳಗೇ ಪಾತ್ರೆ ತೊಳೆಯುತ್ತಾಳೆ. ಕೇಳಿದರೆ, “ಮಳಿಗಾಲ ಮುಗೀಲಿ ತಡಿ ಬೇಟಿ” ಎನ್ನುತ್ತಾಳೆ. ಮಳೆಗಾಲ ಮುಗಿದ ಮೇಲೆ ಗೋಡೆ ಯಾರಿಗೆ ನೆನಪಾಗುತ್ತದೆ. ಆದರೆ ಆಯಿಯ ಸುದ್ದಿ ಕೇಳಿದ ರಾತ್ರಿ ಅವಳು ಊಟ ಮಾಡಲಿಲ್ಲ, ಮರುದಿನ ಗೋಡೆ ಕಟ್ಟಲು ಗೌಂಡಿಯನ್ನು ಕರೆಸಿದಳು. ಅವಳಿಂದ ಅಷ್ಟಾದರೂ ಆಯಿತು. ಆಯಿ ಅವಳಿಗೆ ಏನೂ ಆಗಬೇಕಿರಲಿಲ್ಲ.

ಈಗ ಅಕ್ಕನ ಮಾತು. ನೀನು ಮಣ್ಣು ಬಳಿದ ಗೋಡೆಯನ್ನು ನಾನು ನೋಡದೆಯೂ ಹೇಳಬಲ್ಲೆ. ಮೇಲೆ ಒಣಗಿದೆ, ಒಳಗೆ ಹಸಿ ಇದೆ, ಕೈಯಿಟ್ಟರೆ ತಣ್ಣಗಿದೆ. ನೀರು ನಿಂತ ಗೆರೆ ದೀಪವಿಡುವ ಗೋಡೆಯ ಮಾಡದ ಮೇಲಿದೆ, ಅದನ್ನು ಮಣ್ಣಿನಿಂದ ಮುಚ್ಚಿರುತ್ತೀ. ಆ ಕೋಣೆಯಲ್ಲಿ ಅವಳನ್ನು ಮಲಗಿಸಿ, ಕೂಸನ್ನು ತೊಟ್ಟಿಲಿಗೆ ಹಾಕಿ, ಮತ್ತೊಮ್ಮೆ ಅಂಬ್ರಪ್ಪ ಹಲಗೆ ಬಡಿದರೆ ಏನು ಮಾಡುತ್ತೀ? ಹಸಿ ಬಾಣಂತಿಯನ್ನು, ಎಳೆ ಕೂಸನ್ನು ಎಲ್ಲಿಗೆ ಒಯ್ಯುತ್ತೀ? ಹೊಟ್ಟಿಗೇ ಅಲ್ಲವೆ? ಆಗಲೂ ಒಂದು ಮಗ್ಗಲಿಗೆ ಸರಿಸುತ್ತೀಯಾ?

ತವರು ಎಂದರೆ ಆ ಗೋಡೆಯಲ್ಲ ಅವ್ವಾ. ನೀನು ಎಲ್ಲಿದ್ದೀಯೋ ಅದು. ನೀನು ದಿಬ್ಬ ಹತ್ತಿದರೆ ತವರೂ ದಿಬ್ಬ ಹತ್ತುತ್ತದೆ. ಅಪ್ಪ ಒಪ್ಪುವುದಿಲ್ಲ, ದೊಡ್ಡಪ್ಪ ಮಾತು ಬಿಡುತ್ತಾನೆ, ಮಂದಿ ನಿನ್ನ ಹೆಸರೆತ್ತಿ, ‘ಸುಂದ್ರಮ್ಮ ಹೊಲಗೇರಿಗೆ ಹೋದಳು’ ಎನ್ನುತ್ತಾರೆ. ಆ ಮಂದಿಯೇ ಆಯಿಯ ದಿನದ ಊಟ ಉಂಡು ಕೈತೊಳೆದು ಹೋದವರು. ನೀನು ಹೋಗದಿದ್ದರೆ ನಾನು ಅಕ್ಕನನ್ನು ಇಲ್ಲಿ, ನನ್ನ ಒಂದೇ ಖೋಲಿಯಲ್ಲಿ ಇಟ್ಟುಕೊಳ್ಳುತ್ತೇನೆ. ಬಿಸಿನೀರು ಹಾಕಲು ನನಗೆ ಬರುವುದಿಲ್ಲ, ಖಾಸಿಂಬೀಗೆ ಬರುತ್ತದೆ. ಮೊದಲ ಮೊಮ್ಮಗುವನ್ನು ನೋಡಲು ನೀನು ಬಸ್ಸು ಹತ್ತಿ ಬರಬೇಕಾಗುತ್ತದೆ. ಬಂದರೆ ನಾನು ಬಾಗಿಲು ತೆಗೆಯುತ್ತೇನೆ. ಆದರೆ ಮೊದಲಿನ ಹಾಗೆ ನಿನ್ನ ಮಡಿಲಲ್ಲಿ ತಲೆಯಿಟ್ಟು ಮಲಗಲು ನನ್ನಿಂದ ಆಗಲಿಕ್ಕಿಲ್ಲ. ಇದನ್ನು ಬರೆಯಬಾರದೆಂದುಕೊಂಡಿದ್ದೆ, ಬರೆದುಬಿಟ್ಟೆ.

ಈ ಕಾಗದವನ್ನು ಅಪ್ಪನಿಗೆ ತೋರಿಸುವುದೂ ಬಿಡುವುದೂ ನಿನಗೆ ಸೇರಿದ್ದು. ಒಲೆಗೆ ಹಾಕಿದರೂ ಹಾಕು, ಓದಿ ಹಾಕು.

ನಿನ್ನ ಬಾಯಿಲ್ಲದ ಮಗಳು,
ಹಣಮಂತಮ್ಮ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅಕ್ಕ ಗೋಗಿಯಿಂದ ಫೋನು ಮಾಡಿದಳು. “ನಂಗ ಹೊಳಿ ಮನಿಗಿ ಬರಾಕ ಅಂಜಿಕಿ ಬರ್ತದ ಹಣಮಿ, ಅವ್ವನ ಮುಂದ ಹೇಳಾಕ ಆಗವಲ್ದು” ಎಂದಳು. ನನ್ನ ಬಾಯಿಗೆ ಏನು ಬಂತೋ, ಅವ್ವ ದಿಬ್ಬದ ಮೇಲಿನ ಮನೆಯ ಹೊಟ್ಟನ್ನೆಲ್ಲ ಹೊರಗೆ ಹಾಕಿದ್ದಾಳೆ, ಸುಣ್ಣ ಹಚ್ಚಿದ್ದಾಳೆ, ಬಾಣಂತನ ಅಲ್ಲೇ ಎಂದು ಹೇಳಿಬಿಟ್ಟೆ. ಅವಳು, “ಅವ್ವ ಮಾಡಿದ್ಲಾ? ಖರೇನ?” ಎಂದಳು. ಅಳುತ್ತಿದ್ದಳೆಂದು ಕಾಣುತ್ತದೆ. ಅಮಾವಾಸ್ಯೆಯ ಮರುದಿನ ನಿನ್ನ ಅಳಿಯ ದೇವಿಂದ್ರ ಗಾಡಿ ಮಾಡಿಕೊಂಡು ಅವಳನ್ನು ನೆಟ್ಟಗೆ ಅಲ್ಲಿಗೇ ಕರೆತರುತ್ತಾನೆ. ನಾನು ಈವರೆಗೆ ಅವಳಿಗೆ ಸುಳ್ಳು ಹೇಳಿದವಳಲ್ಲ. ಶನಿವಾರ ಶಾಲೆ ಬಿಟ್ಟ ಕೂಡಲೇ ನಾನೂ ಬರುತ್ತೇನೆ. ಅಷ್ಟರೊಳಗೆ ಶುರು ಮಾಡಿದ್ದರೆ, ಹೊಟ್ಟು ತೆಗೆಯುವಾಗ ಮೂಗಿಗೆ ಬಟ್ಟೆ ಕಟ್ಟಿಕೋ.